ತಳಿಗೆ ಹಚ್ಚಿದ ಕಳಂಕ ಮತ್ತು ಸಾಕಿದವರ ಹೊಣೆ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ಸಂಜೆ, ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯಲ್ಲಿ, ಟ್ಯೂಷನ್ ಮುಗಿಸಿಕೊಂಡು ಮನೆಗೆ ಹೊರಟಿದ್ದ ಹತ್ತು ವರ್ಷದ ಹುಡುಗನ ಮೀನಖಂಡಕ್ಕೆ ನಾಯಿಯೊಂದು ಕಚ್ಚಿತು. ಐದೇ ನಿಮಿಷದಲ್ಲಿ ಇಪ್ಪತ್ತು ಮಂದಿ ನಮ್ಮ ಮನೆಯ ಗೇಟಿನ ಮುಂದೆ ಸೇರಿದರು. ನಮ್ಮ ಓಣಿಯಲ್ಲಿ ರಾಟ್‌ವೀಲರ್ ತಳಿಯ ನಾಯಿ ಇರುವುದು ನಮ್ಮ ಮನೆಯಲ್ಲಿ ಮಾತ್ರ ಎಂಬುದೇ ಅವರಿಗೆ ಸಾಕಷ್ಟು ಪುರಾವೆಯಾಗಿತ್ತು. ನಮ್ಮ ರಾಣಿ ಆ ಹೊತ್ತಿಗೆ ಹಿತ್ತಲಿನ ಬಾಗಿಲ ಒಳಗೆ ಮಲಗಿದ್ದಳು. (ಅವಳು ಎಂದೇ ಬರೆಯುತ್ತೇನೆ, ಮನೆಯಲ್ಲಿ ನಾವು ಹಾಗೆಯೇ ಮಾತಾಡುತ್ತೇವೆ.) ನಾನು ಗೇಟಿನ ಒಳಗಿನಿಂದ ಅದನ್ನು ಹೇಳಿದೆ, ಅವರು ಹೊರಗಿನಿಂದ ಅಲ್ಲಗಳೆದರು, ದನಿಗಳು ಏರಿದವು. ಈ ಗದ್ದಲದ ಹಿಂದೆ ಆ ಹುಡುಗ ರಕ್ತ ಸೋರುವ ಕಾಲು ಹಿಡಿದುಕೊಂಡು ‘ಬಿಳಿ ನಾಯಿ, ಬಿಳಿ ನಾಯಿ’ ಎಂದು ಅಳುತ್ತಿದ್ದುದನ್ನು ಬಹಳ ಹೊತ್ತಿನವರೆಗೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ್ದು ಆ ಅರ್ಧ ಗಂಟೆ. ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ರೇಬೀಸ್ ತಡೆಯುವ ಮೊದಲ ಮತ್ತು ಅತಿ ಮುಖ್ಯ ಕ್ರಮ. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಹಾಗಿದ್ದೂ ಅರ್ಧ ಗಂಟೆ ಆ ಗಾಯಕ್ಕೆ ಒಂದು ತಂಬಿಗೆ ನೀರು ಬೀಳಲಿಲ್ಲ. ಯಾರೋ ಖಾರದಪುಡಿ ತರಲು ಓಡಿದ್ದರು. ಕೊನೆಗೆ ನನ್ನ ಹೆಂಡತಿ ಗೇಟು ತೆರೆದು, ಹುಡುಗನನ್ನು ಒಳಗೆ ಕರೆದು, ನಲ್ಲಿಯ ಕೆಳಗೆ ಕೂಡಿಸಿ ತೊಳೆದಳು. ಆಮೇಲೆ ಅವನ ತಂದೆಯ ಜೊತೆಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಹಾಕಿಸಿದೆವು. ಕಚ್ಚಿದ್ದು ಓಣಿಯ ತುದಿಯ ಮನೆಯಲ್ಲಿ ಸಾಕಿದ್ದ ಬಿಳಿ ಪೊಮೇರಿಯನ್ ಎಂದು ಮರುದಿನ ಆ ಮನೆಯವರೇ ಒಪ್ಪಿಕೊಂಡರು. ಅದಕ್ಕೆ ಒಮ್ಮೆಯೂ ರೇಬೀಸ್ ಲಸಿಕೆ ಹಾಕಿಸಿರಲಿಲ್ಲ. ‘ಸಣ್ಣ ನಾಯಿ, ಮನೆಯಲ್ಲೇ ಇರ್ತದ, ಅದಕ್ಯಾಕ ಸೂಜಿ?’ ಎಂಬುದು ಅವರ ಉತ್ತರವಾಗಿತ್ತು.

ತಳಿಯ ಮೇಲಿನ ಪೂರ್ವಗ್ರಹ ನಮ್ಮಂಥ ಸಾಕಿದವರ ಮನಸ್ಸು ನೋಯಿಸುತ್ತದೆ ಎಂಬುದಷ್ಟೇ ಆಗಿದ್ದರೆ ನಾನು ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ಆ ಪೂರ್ವಗ್ರಹ ಎಲ್ಲರ ಕಣ್ಣನ್ನೂ ತಪ್ಪು ಗೇಟಿನ ಕಡೆಗೆ ತಿರುಗಿಸುತ್ತದೆ, ಲಸಿಕೆ ಇಲ್ಲದ, ಹಗ್ಗವಿಲ್ಲದೆ ಓಡಾಡುವ ನಾಯಿಯನ್ನು ಗಾತ್ರ ಮತ್ತು ಬಣ್ಣದ ಕಾರಣಕ್ಕೆ ನಿರಪಾಯವೆಂದು ಬಿಟ್ಟುಬಿಡುತ್ತದೆ, ಅದರಿಂದ ಮಕ್ಕಳಿಗೆ ಆಗುವ ಅಪಾಯ ಹೆಚ್ಚುತ್ತದೆ ಎಂಬುದು ನನ್ನ ವಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂದು ನಾವು ಸುಮ್ಮನೆ ಹೇಳುತ್ತೇವೆ; ಬರೆ ಬಿದ್ದ ಎಮ್ಮೆಗಷ್ಟೇ ಅಲ್ಲ, ಜ್ವರ ವಾಸಿಯಾಗದ ಎತ್ತಿಗೂ ಅದರಿಂದ ಕೇಡೇ.

ಘಟನೆ ನಡೆದ ಹದಿನೈದು ದಿನಕ್ಕೆ ನಮ್ಮ ಬಡಾವಣೆಯ ಸಂಘ ಒಂದು ಸೂಚನಾ ಪತ್ರ ಅಂಟಿಸಿತು. ರಾಟ್‌ವೀಲರ್, ಪಿಟ್‌ಬುಲ್, ಡಾಬರ್‌ಮನ್ ಮತ್ತು ಮುಧೋಳ ನಾಯಿಗಳನ್ನು ಸಾಕಿದವರು ಒಂದು ತಿಂಗಳೊಳಗೆ ಅವುಗಳನ್ನು ಬೇರೆಡೆಗೆ ಸಾಗಿಸಬೇಕೆಂದು ಅದರಲ್ಲಿ ಬರೆಯಲಾಗಿದೆ. ಹುಡುಗನನ್ನು ನಿಜವಾಗಿ ಕಚ್ಚಿದ ತಳಿಯ ಹೆಸರು ಆ ಪಟ್ಟಿಯಲ್ಲಿಲ್ಲ, ಲಸಿಕೆಯ ಬಗ್ಗೆ ಒಂದು ಸಾಲೂ ಇಲ್ಲ.

ಇಂಥ ಪಟ್ಟಿ ನಮ್ಮ ಸಂಘದವರ ತಲೆಯಲ್ಲಿ ಹುಟ್ಟಿದ್ದಲ್ಲ. ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಡೋಗೋ ಅರ್ಜೆಂಟಿನೋ, ಕೇನ್ ಕೋರ್ಸೋ, ಮಾಸ್ಟಿಫ್ ಮುಂತಾದ 23 ತಳಿಗಳ ಆಮದು, ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ನಿಷೇಧಿಸಬೇಕು, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ತಿಳಿಸಿತ್ತು. ಆ ಸುದ್ದಿ ಎಲ್ಲರ ಮೊಬೈಲ್‌ಗೂ ತಲುಪಿತು. ಆದರೆ ಒಂದು ತಿಂಗಳೊಳಗೆ, ಅದೇ ವರ್ಷದ ಏಪ್ರಿಲ್ 10ರಂದು, ನಮ್ಮದೇ ರಾಜ್ಯದ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆ ಸುತ್ತೋಲೆಯನ್ನು ರದ್ದುಪಡಿಸಿತು ಎಂಬ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಸಂಬಂಧಪಟ್ಟ ಯಾರ ಅಭಿಪ್ರಾಯವನ್ನೂ ಕೇಳದೆ ಹೊರಡಿಸಿದ ಆದೇಶ ನಿಲ್ಲುವುದಿಲ್ಲವೆಂದು ಹೇಳಿದ ನ್ಯಾಯಾಲಯ, ಎಲ್ಲರ ಮಾತು ಕೇಳಿ ಕ್ರಮಬದ್ಧವಾಗಿ ಹೊಸದಾಗಿ ಮುಂದುವರಿಯಲು ಸರ್ಕಾರಕ್ಕೆ ಅವಕಾಶವನ್ನೂ ಬಿಟ್ಟಿತ್ತು. ಇನ್ನು ವಸತಿ ಸಂಘಗಳ ವಿಷಯ. ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿಗಳನ್ನು ನಿಷೇಧಿಸುವ ಅಧಿಕಾರ ಸಂಘಗಳಿಗೆ ಇಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಕಾನೂನಿನ ಈ ಮಾತುಗಳನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಸಂಘದ ಅಧ್ಯಕ್ಷರ ಕೈಗೆ ಕೊಡುವುದು ಸುಲಭವಿತ್ತು, ಮೊದಲು ನಾನು ಮಾಡಿದ್ದೂ ಅದನ್ನೇ. ಅದರಿಂದ ಏನೂ ಒಳ್ಳೆಯದಾಗಲಿಲ್ಲ. ನಮ್ಮ ಎದುರು ಮನೆಯ ಹೆಣ್ಣುಮಗಳು ನನ್ನ ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿದ ಮಾತು ಆಮೇಲೆ ನನ್ನನ್ನು ಬದಲಾಯಿಸಿತು: ‘ಅಕ್ಕಾ, ನಿಮ್ಮ ನಾಯಿ ಏನೂ ಮಾಡಿಲ್ಲ ಅಂತ ನಮಗೂ ಗೊತ್ತದ. ಆದ್ರ ಅದರ ಮಾರಿ ನೋಡಿದ್ರೇ ಅಂಜಿಕಿ ಬರ್ತದ. ಸಣ್ಣಾಕಿ ಇದ್ದಾಗ ನನಗ ಒಂದು ಕರೀ ನಾಯಿ ಕಚ್ಚಿತ್ತು.’ ಆ ಅಂಜಿಕೆಯ ಮುಂದೆ ಹೈಕೋರ್ಟಿನ ತೀರ್ಪು ಓದಿ ಹೇಳಿ ಏನು ಪ್ರಯೋಜನ? ಕಾನೂನು ನನ್ನ ಕಡೆಗಿದೆ ಎಂಬುದು ನೆರೆಯವರ ಭಯಕ್ಕೆ ಉತ್ತರವಾಗಲಾರದು.

ಆ ಭಯಕ್ಕೆ ಕಾರಣಗಳೂ ಇವೆ, ಅವುಗಳನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. 2022ರ ಜುಲೈನಲ್ಲಿ ಲಖನೌದಲ್ಲಿ ಮಗ ಸಾಕಿದ ಪಿಟ್‌ಬುಲ್ ವೃದ್ಧ ತಾಯಿಯನ್ನು ಮನೆಯೊಳಗೇ ಕೊಂದಿತು. 2024ರ ಮೇ ತಿಂಗಳಲ್ಲಿ ಚೆನ್ನೈನ ಉದ್ಯಾನವೊಂದರಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯ ಮೇಲೆ ಎರಗಿ ತೀವ್ರವಾಗಿ ಗಾಯಗೊಳಿಸಿದವು. ಇವುಗಳನ್ನು ಓದಿದ ತಾಯಿತಂದೆಯರಿಗೆ ‘ಏನೂ ಆಗುವುದಿಲ್ಲ ಬಿಡ್ರಿ’ ಎಂದು ಹೇಳುವ ಹಕ್ಕು ನನಗಿಲ್ಲ. ನಾಲ್ಕು ಕಿಲೋ ತೂಕದ ನಾಯಿಯ ಕಡಿತಕ್ಕೂ ನಲವತ್ತು ಕಿಲೋ ತೂಕದ ನಾಯಿಯ ಕಡಿತಕ್ಕೂ ಗಾಯದಲ್ಲಿ ಬಹಳ ಅಂತರವಿದೆ. ನಾಯಿ ಎಷ್ಟು ಬಲಶಾಲಿಯೋ ಸಾಕುವವನ ಹೊಣೆ ಅಷ್ಟು ಭಾರ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಒಪ್ಪದಿರುವುದು ಬಲವನ್ನು ಕ್ರೌರ್ಯವೆಂದು ಎಣಿಸುವ ಲೆಕ್ಕವನ್ನು.

2022ರಲ್ಲಿ ಅಮೆರಿಕದ ‘ಸೈನ್ಸ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಅವುಗಳ ಮಾಲೀಕರಿಂದ ಕೇಳಿ ದಾಖಲಿಸಿ, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಓದಿ ನೋಡಲಾಯಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9 ಮಾತ್ರ ಎಂದು ಅದರಿಂದ ತಿಳಿಯಿತು. ಉಳಿದದ್ದು ಆಯಾ ನಾಯಿಯ ಹುಟ್ಟು, ವಯಸ್ಸು, ಬೆಳೆದ ಪರಿಸರ, ಕಲಿಕೆ, ಅನುಭವ. ನೆದರ್‌ಲ್ಯಾಂಡ್ಸ್ ದೇಶ 1993ರಲ್ಲಿ ಪಿಟ್‌ಬುಲ್‌ಗಳನ್ನು ನಿಷೇಧಿಸಿ, ಕಚ್ಚುವ ಪ್ರಕರಣಗಳು ಅದರಿಂದ ಕಡಿಮೆಯಾಗಲಿಲ್ಲವೆಂದು ಕಂಡು 2008ರಲ್ಲಿ ಆ ನಿಷೇಧವನ್ನು ಹಿಂದಕ್ಕೆ ಪಡೆಯಿತು. ಬ್ರಿಟನ್ 1991ರಲ್ಲಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸುವ ಪಟ್ಟಿ ಮಾಡಿತ್ತು. ಮೂವತ್ತೆರಡು ವರ್ಷಗಳ ನಂತರ, 2023ರ ಕೊನೆಯಲ್ಲಿ, ಆ ಪಟ್ಟಿಗೆ ಐದನೆಯದನ್ನು ಸೇರಿಸಬೇಕಾಯಿತು.

ನಮ್ಮ ಊರಿನಲ್ಲಿ ಓಡಾಡುವ ಕೆಲವು ನಂಬಿಕೆಗಳನ್ನೂ ಇಲ್ಲಿ ಹೇಳಬೇಕು. ಡಾಬರ್‌ಮನ್ ನಾಯಿಗೆ ವಯಸ್ಸಾದಂತೆ ಮೆದುಳು ಬೆಳೆದು, ತಲೆಬುರುಡೆಯಲ್ಲಿ ಜಾಗ ಸಾಲದೆ, ಕೊನೆಗೆ ಸಾಕಿದವರನ್ನೇ ಕಚ್ಚುತ್ತದೆ ಎಂದು ಓದಿದವರೇ ನನಗೆ ಹೇಳಿದ್ದಾರೆ. ಇದು ಶುದ್ಧ ಸುಳ್ಳು. ಯಾವ ನಾಯಿಯ ಮೆದುಳೂ ಹಾಗೆ ಬೆಳೆಯುವುದಿಲ್ಲ. ಪಿಟ್‌ಬುಲ್‌ನ ದವಡೆ ಬೀಗದಂತೆ ಬಿಗಿದುಕೊಳ್ಳುತ್ತದೆ ಎಂಬುದೂ ಹಾಗೆಯೇ. ಅದರ ದವಡೆಯ ಮೂಳೆ ಮತ್ತು ಸ್ನಾಯುಗಳಲ್ಲಿ ಬೇರೆ ನಾಯಿಗಳಲ್ಲಿ ಇಲ್ಲದ ಯಾವ ಬೀಗವೂ ಇಲ್ಲ. ಇನ್ನು ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ನಮ್ಮ ಗಾದೆಯಂತೂ ಮಕ್ಕಳಿಗೆ ಕಲಿಸಲೇಬಾರದ ಮಾತು. ಬೊಗಳುವುದು, ಗುರುಗುಡುವುದು ನಾಯಿಯ ಎಚ್ಚರಿಕೆ. ಆ ಎಚ್ಚರಿಕೆಯನ್ನು ಕೇಳದೆ ಮುಂದೆ ಹೋದವರನ್ನು ಅದು ಕಚ್ಚಬಹುದು, ಅದು ಯಾವ ತಳಿಯದೇ ಆಗಿರಲಿ.

ರಾಟ್‌ವೀಲರ್ ಮೂಲದಲ್ಲಿ ದಕ್ಷಿಣ ಜರ್ಮನಿಯ ರಾಟ್‌ವೀಲ್ ಪಟ್ಟಣದ ಕಟುಕರ ನಾಯಿ. ದನ ಅಟ್ಟುವುದು, ಮಾಂಸದ ಬಂಡಿ ಎಳೆಯುವುದು ಅದರ ಕೆಲಸವಾಗಿತ್ತು. ದಿನವಿಡೀ ದುಡಿಯುವಂತೆ ರೂಪುಗೊಂಡ ಆ ಪ್ರಾಣಿಯನ್ನು ನಾವು ಇಲ್ಲಿ ಹೇಗೆ ಇಡುತ್ತೇವೆ? ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಬೀಳುವ ಈ ಊರಿನಲ್ಲಿ, ಕಾದ ಶಹಾಬಾದ್ ಫರಸಿಯ ಮೇಲೆ, ಮಾಳಿಗೆಯ ಮೂಲೆಯಲ್ಲಿ, ಎರಡು ಮೊಳದ ಸರಪಳಿಗೆ ಕಟ್ಟಿಹಾಕಿದ ಎಷ್ಟೋ ನಾಯಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಕಣ್ಣು ತೆರೆದು ಹತ್ತು ದಿನವಾದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಮಾರುವವರು ಇದ್ದಾರೆ, ಕೊಳ್ಳುವವರೂ ಇದ್ದಾರೆ. ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಮರಿ ಎಷ್ಟು ಜೋರಾಗಿ ಕಚ್ಚಬಾರದೆಂಬುದನ್ನು ಕಲಿಯುತ್ತದೆ. ಮೂರನೆಯ ವಾರದಿಂದ ಮೂರು ತಿಂಗಳವರೆಗಿನ ಆ ಅವಧಿಯಲ್ಲಿ ಮಕ್ಕಳು, ಮುದುಕರು, ಆಟೋ, ಬುರ್ಖಾ, ಪೇಟ, ಕೊಡೆ ಇವನ್ನೆಲ್ಲ ಹೆದರಿಕೆಯಿಲ್ಲದೆ ಕಂಡ ನಾಯಿ ಮುಂದೆ ಅವುಗಳಿಗೆ ಬೆಚ್ಚುವುದಿಲ್ಲ. ಅದೇ ಅವಧಿಯನ್ನು ಡಬ್ಬಿಯಲ್ಲೋ ಸರಪಳಿಯಲ್ಲೋ ಕಳೆದ ನಾಯಿ ದೊಡ್ಡದಾದ ಮೇಲೆ ಹೊಸ ಮುಖವನ್ನೆಲ್ಲ ಶತ್ರುವೆಂದು ತಿಳಿಯುತ್ತದೆ. ಮನೆಗೆ ಕಾವಲು ಬೇಕೆಂದು ಅದನ್ನು ಬೇಕೆಂದೇ ಕೆರಳಿಸಿ ಬೆಳೆಸುವವರೂ ಇದ್ದಾರೆ. ಆಮೇಲೆ ಅದು ಕಚ್ಚಿದಾಗ ಪತ್ರಿಕೆಯಲ್ಲಿ ಬರುವುದು ತಳಿಯ ಹೆಸರು ಮಾತ್ರ.

ಮುಧೋಳ ನಾಯಿಯನ್ನು ನಮ್ಮ ಸಂಘದ ಪಟ್ಟಿಯಲ್ಲಿ ನೋಡಿದಾಗ ನನಗೆ ಬಹಳ ನೋವಾಯಿತು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. ನಮ್ಮ ಪಕ್ಕದ ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಆ ತಳಿಯ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಭಾರತೀಯ ಸೇನೆ ಅದನ್ನು ತರಬೇತಿಗೆ ತೆಗೆದುಕೊಂಡಿದೆ. ಅಪರಿಚಿತರ ಹತ್ತಿರ ಸುಲಭವಾಗಿ ಬಾರದ, ಓಡುವ ಪ್ರಾಣಿಯನ್ನು ಕಂಡರೆ ಬೆನ್ನಟ್ಟುವ ಸ್ವಭಾವ ಅದಕ್ಕಿದೆ, ಹಾಗಾಗಿ ಕುರಿ, ಮೇಕೆ ಇರುವಲ್ಲಿ ಅದನ್ನು ಹಗ್ಗ ಬಿಚ್ಚಿ ಬಿಡಬಾರದು. ಇದು ಸಾಕುವವನು ತಿಳಿದಿರಬೇಕಾದ ವಿಷಯವೇ ಹೊರತು ಗಡೀಪಾರಿಗೆ ಕಾರಣವಲ್ಲ. ನಮ್ಮದೇ ಜಿಲ್ಲೆಯ ಗಾಣಗಾಪುರದ ದತ್ತನ ಪಟದಲ್ಲಿ ನಾಲ್ಕು ನಾಯಿಗಳಿವೆ, ಅವು ನಾಲ್ಕು ವೇದಗಳೆಂದು ಭಕ್ತರು ಹೇಳುತ್ತಾರೆ. ಭಾಲ್ಕಿ ಕಡೆಯ ಖಾನಾಪುರದಲ್ಲೂ ಯಾದಗಿರಿಯ ಮೈಲಾಪುರದಲ್ಲೂ ಜನ ಕೈಮುಗಿಯುವ ಮೈಲಾರನಿಗೆ ನಾಯಿ ಸಂಗಾತಿ. ನಾಯಿಯನ್ನು ದೇವರ ಪಕ್ಕದಲ್ಲಿ ನಿಲ್ಲಿಸಿದ ಮಂದಿ ನಾವು.

ಈಗ ನನ್ನಂಥ ಸಾಕಿದವರ ಕಡೆಗೆ ಬರುತ್ತೇನೆ, ಏಕೆಂದರೆ ನೆರೆಯವರಿಗಿಂತ ಹೆಚ್ಚು ಕೆಲಸ ಇರುವುದು ನಮಗೆ. ನಾಯಿ ಹತ್ತಿರ ಬಂದಾಗ ಎದುರಿನವರು ಹಿಂದೆ ಸರಿದರೆ ‘ಏನೂ ಮಾಡೂದಿಲ್ಲ, ಅಂಜಬ್ಯಾಡ್ರಿ’ ಎಂದು ನಕ್ಕು ಮುಂದೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ, ಅದು ತಪ್ಪು. ಅಂಜಿದವರಿಗೆ ಬೇಕಾದದ್ದು ಮಾತಲ್ಲ, ಅಂತರ. ಈಗ ನಾನು ರಾಣಿಯನ್ನು ಬೆಳಿಗ್ಗೆ ಐದಕ್ಕೆ, ರಾತ್ರಿ ಒಂಬತ್ತರ ಮೇಲೆ ಹೊರಗೆ ಕರೆದೊಯ್ಯುತ್ತೇನೆ; ಬಿಸಿಲಿಗೆ ಅವಳ ಪಾದ ಸುಡುವುದೂ ತಪ್ಪುತ್ತದೆ, ಶಾಲೆಯ ಮಕ್ಕಳಿಗೆ ಎದುರಾಗುವುದೂ ತಪ್ಪುತ್ತದೆ. ಯಾರಾದರೂ ಎದುರು ಬಂದರೆ ರಸ್ತೆ ದಾಟುವವನು ನಾನು, ಅವರಲ್ಲ. ಹಗ್ಗ ಮೊಣಕೈಯಷ್ಟು ಗಿಡ್ಡವಾಗಿರುತ್ತದೆ ಮತ್ತು ಅದನ್ನು ಹಿಡಿಯುವುದು ಅವಳನ್ನು ತಡೆದು ನಿಲ್ಲಿಸುವ ಶಕ್ತಿಯಿರುವವರು ಮಾತ್ರ. ಮೊಮ್ಮಕ್ಕಳ ಕೈಗೆ ಕೊಡುವುದಿಲ್ಲ.

ಜನ ಇರುವ ಜಾಗಕ್ಕೆ ಹೋಗುವಾಗ ಅವಳಿಗೆ ಬುಟ್ಟಿಯಂಥ ಬಾಯಿಕುಕ್ಕೆ ಹಾಕುತ್ತೇನೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಕುಕ್ಕೆ ಅದು. ಬಾಯಿಯನ್ನು ಬಿಗಿಯಾಗಿ ಕಟ್ಟುವ ಬಟ್ಟೆಯ ಪಟ್ಟಿ ನಮ್ಮ ಸೆಕೆಗೆ ಅಪಾಯಕಾರಿ, ಏಕೆಂದರೆ ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದಲೇ. ಕುಕ್ಕೆ ಹಾಕಿದರೆ ನಾಯಿ ಕೆಟ್ಟದ್ದೆಂದು ಒಪ್ಪಿಕೊಂಡಂತೆ ಎಂದು ಕೆಲವು ಗೆಳೆಯರು ನನ್ನ ಮೇಲೆ ಬೇಸರಿಸಿಕೊಂಡರು. ಎಡೆ ಹೊಡೆಯುವಾಗ ಬೆಳೆಗೆ ಬಾಯಿ ಹಾಕದಂತೆ ಎತ್ತಿಗೆ ಕುಕ್ಕೆ ಕಟ್ಟುತ್ತೇವೆ, ಅದರಿಂದ ಆ ಎತ್ತನ್ನು ಯಾರೂ ದುಷ್ಟವೆಂದು ತಿಳಿಯುವುದಿಲ್ಲ. ಎದುರು ಮನೆಯ ಆ ಹೆಣ್ಣುಮಗಳು ಕುಕ್ಕೆ ನೋಡಿದ ಮೇಲೆ ಮೊದಲ ಸಲ ಬಾಗಿಲು ಹಾಕಿಕೊಳ್ಳದೆ ನಿಂತು ಮಾತಾಡಿದಳು ಎಂಬುದೇ ನನಗೆ ಸಾಕು.

ರಾಣಿಯ ಲಸಿಕೆಯ ಪುಸ್ತಕದ ಪ್ರತಿಯನ್ನು ನಾನು ಯಾರೂ ಕೇಳದೆಯೇ ಅಕ್ಕಪಕ್ಕದ ಮನೆಗಳಿಗೆ ಕೊಟ್ಟಿದ್ದೇನೆ. ಸಂತಾನಶಕ್ತಿಹರಣ ಮಾಡಿಸಿದ್ದೇನೆ. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವರಿಗೆ ಬಾಗಿಲು ತೆರೆದು ಗೇಟು ಹಾಕಲು ಮರೆತಿದ್ದೆ, ರಾಣಿ ಓಣಿಯ ಅರ್ಧದವರೆಗೆ ಹೋಗಿ ಬಂದಳು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಐದು ನಿಮಿಷ ಓಣಿಯವರು ಅನುಭವಿಸಿದ ಭಯ ನನ್ನ ತಪ್ಪಿನಿಂದ ಆದದ್ದು. ಮರುದಿನವೇ ಎರಡು ಬಾಗಿಲು ದಾಟದೆ ರಸ್ತೆಗೆ ಬರಲಾಗದಂತೆ ಒಳಗೊಂದು ಜಾಲರಿಯ ಬಾಗಿಲು ಹಾಕಿಸಿದೆ. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಆ ಕಲಮಿನಲ್ಲಿ ತಳಿಯ ಹೆಸರಿಲ್ಲ, ಸಾಕಿದವನ ನಡತೆ ಇದೆ. ಅದನ್ನು ಪೊಮೇರಿಯನ್ ಸಾಕಿದವರ ಮೇಲೂ, ನನ್ನ ಮೇಲೂ ಒಂದೇ ರೀತಿ ಪ್ರಯೋಗಿಸಬೇಕೆಂಬುದು ನನ್ನ ಬೇಡಿಕೆ.

ಮಹಾನಗರ ಪಾಲಿಕೆಗೆ ನನ್ನ ವಿನಂತಿಯೂ ಅದೇ ದಾರಿಯದು. ತಳಿಯ ಭೇದವಿಲ್ಲದೆ ಪ್ರತಿಯೊಂದು ಸಾಕುನಾಯಿಯ ನೋಂದಣಿಯನ್ನು ಲಸಿಕೆಯ ದಾಖಲೆಯ ಜೊತೆಗೆ ಕಡ್ಡಾಯವಾಗಿ ನಡೆಸಿ, ವಾರ್ಡಿಗೊಂದು ಲಸಿಕಾ ಶಿಬಿರ ಮಾಡಿದರೆ, ನಮ್ಮ ಓಣಿಯ ಹುಡುಗನಂಥವರಿಗೆ ಯಾವ ನಿಷೇಧಕ್ಕಿಂತಲೂ ಹೆಚ್ಚು ರಕ್ಷಣೆ ಸಿಗುತ್ತದೆ.

ತಮ್ಮ ಪತ್ರಿಕೆಗೂ ಒಂದು ವಿನಂತಿ ಇದೆ. ನಾಯಿ ಕಚ್ಚಿದ ಸುದ್ದಿ ಬರೆಯುವಾಗ ತಳಿಯನ್ನು ಪಶುವೈದ್ಯರು ಖಚಿತಪಡಿಸಿದ್ದರೆ ಮಾತ್ರ ಅದರ ಹೆಸರು ಹಾಕಿ. ನೋಡಿದವರ ಕಣ್ಣಂದಾಜು ಮಿಶ್ರತಳಿಗಳ ವಿಷಯದಲ್ಲಿ ಎಷ್ಟೋ ಸಲ ತಪ್ಪಾಗಿರುತ್ತದೆ. ನಾಯಿಗೆ ಲಸಿಕೆ ಆಗಿತ್ತೇ, ಅದು ಯಾರ ಹಿಡಿತದಲ್ಲಿತ್ತು, ಅದನ್ನು ಸರಪಳಿಯಲ್ಲೇ ಇಟ್ಟಿದ್ದರೇ, ಗಾಯವನ್ನು ತಕ್ಷಣ ತೊಳೆಯಲಾಯಿತೇ, ಗಾಯಗೊಂಡವರಿಗೆ ಚುಚ್ಚುಮದ್ದು ಸಿಕ್ಕಿತೇ ಎಂಬ ಪ್ರಶ್ನೆಗಳನ್ನು ವರದಿಗಾರರು ಕೇಳಿ ಬರೆಯಲಿ. ಓದುಗರಿಗೆ ಉಪಯೋಗವಾಗುವುದು ಆ ಉತ್ತರಗಳೇ.

ಆ ಹುಡುಗ ನಾಲ್ಕೂ ಚುಚ್ಚುಮದ್ದು ಮುಗಿಸಿ ಈಗ ಆರೋಗ್ಯವಾಗಿದ್ದಾನೆ. ತುದಿಮನೆಯ ಪೊಮೇರಿಯನ್‌ಗೂ ಕೊನೆಗೆ ಲಸಿಕೆಯಾಗಿದೆ. ಪಶು ಆಸ್ಪತ್ರೆಗೆ ಅದನ್ನು ಕರೆದೊಯ್ಯಲು ನಾನೇ ಆ ಮನೆಯವರ ಜೊತೆ ಹೋಗಿದ್ದೆ. ಸೂಚನಾ ಪತ್ರ ಇನ್ನೂ ಸಂಘದ ಫಲಕದ ಮೇಲಿದೆ. ಬರುವ ಭಾನುವಾರ ಸಂಘದ ಸಭೆ ಇದೆ. ಆ ಪಟ್ಟಿಯನ್ನು ಹರಿದು, ಬಡಾವಣೆಯ ಎಲ್ಲ ನಾಯಿಗಳ ಲಸಿಕೆಯ ಪಟ್ಟಿಯನ್ನು ಅದೇ ಜಾಗದಲ್ಲಿ ಅಂಟಿಸೋಣವೆಂದು ನಾನು ಅಲ್ಲಿ ಕೇಳಲಿದ್ದೇನೆ. ಅದರ ಮೊದಲ ಸಾಲಿನಲ್ಲಿ ರಾಣಿಯ ಹೆಸರು ಮತ್ತು ತಾರೀಖುಗಳನ್ನು ಈಗಾಗಲೇ ಬರೆದಿಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕ,
ಸೇಡಂ ರಸ್ತೆ, ಕಲಬುರಗಿ